ನೆಡಲಾಗಿದೆ

ಏಳನೆಯ ಕಾಲಮ್ಮಿನಲ್ಲಿ ಒಂದೇ ಒಂದು ಪದ ಬರೆಯುವುದು ಬಾಕಿಯಿತ್ತು. ಬೆಳಿಗ್ಗೆ ಹತ್ತರಿಂದ ಅವನು ಆ ಪದದ ಎದುರು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತವನ ಹಾಗೆ, ಕೂತೇ ಇದ್ದ. ಫಾರಂ ಬಂದದ್ದು ರಸ್ತೆ ವಿಭಾಗದ ಎಂಜಿನಿಯರ್ ಹುಡುಗಿಯಿಂದ. ಬೀದಿಯ ಉದ್ದ, ಮರಗಳ ಸಂಖ್ಯೆ ನಲವತ್ತೊಂದು, ಮರದ ಜಾತಿ ಜಕರಾಂಡ, ಫುಟ್‌ಪಾತಿನ ಚಪ್ಪಡಿಗಳು ಎದ್ದು ಕೂತಿರುವ ವಿವರ, ಎಲ್ಲವನ್ನೂ ಅವಳು ದುಂಡಗೆ ಬರೆದು ತುಂಬಿದ್ದಳು. ಏಳನೆಯ ಕಾಲಂ ‘ಹಾನಿಗೆ ಕಾರಣ’. ಅದರಲ್ಲಿ ಮಾತ್ರ, ಹಿರಿಯರ ಮುಂದೆ ತಾನು ಬಾಯಿ ಹಾಕುವುದು ಸರಿಯಲ್ಲ ಎಂಬಂತೆ, ಪೆನ್ಸಿಲಿನಲ್ಲಿ ನವುರಾಗಿ ‘ಜಾತಿಗುಣ’ ಎಂದು ಬರೆದು, ಪಕ್ಕದಲ್ಲಿ ‘ನಿಮ್ಮ ಪುಸ್ತಕ, ಪುಟ ಮೂವತ್ತನಾಲ್ಕು’ ಎಂದು ಇನ್ನೂ ನವುರಾಗಿ ಸೇರಿಸಿದ್ದಳು. ಅವನು ಆ ಪೆನ್ಸಿಲಿನ ಮೇಲೆ ಪೆನ್ನು ಆಡಿಸಿ ಸಹಿ ಹಾಕಿದರೆ ಮುಗಿಯಿತು. ಮುಂದಿನ ವಾರ ನಲವತ್ತೊಂದು ಮರಗಳಿಗೂ ಗರಗಸ. ಇನ್ನು ಮೇಲೆ ಊರಿನ ಯಾವ ಫುಟ್‌ಪಾತಿನಲ್ಲೂ ಆ ಮರ ನೆಡಕೂಡದು ಎಂಬ ಆದೇಶ. ಅದಾದ ಮೂರು ತಿಂಗಳಿಗೆ ಅವನಿಗೆ ನಿವೃತ್ತಿ, ನಾಲ್ಕು ಒಳ್ಳೆಯ ಮಾತು, ಒಂದು ಗೋಡೆ ಗಡಿಯಾರ. ಸಂಜೆ ಐದಕ್ಕೆ ಫಾರಂ ಅವಳ ಕೈಸೇರಬೇಕಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ತೆಗೆದ. ಎದುರು ಮೇಜಿನ ಗುಮಾಸ್ತ, ‘ಏನ್ ಮೇಷ್ಟ್ರೇ, ಪೆನ್ನೂ ಬೇರು ಬಿಡ್ತಾ ಹೇಗೆ, ಅಲ್ಲಾಡ್ತಾನೇ ಇಲ್ಲ?’ ಎಂದಾಗ ಎಲ್ಲರ ಜೊತೆ ತಾನೂ ನಕ್ಕ.

ಬೇರು ಮೇಷ್ಟ್ರು ಎಂಬುದು ಆಫೀಸು ಅವನಿಗೆ ಇಟ್ಟ ಹೆಸರು. ಪಾಠ ಹೇಳಿದವನಲ್ಲ, ಆದರೆ ಯಾವ ಮರದ ಮಾತೆತ್ತಿದರೂ ಎಲೆ ಹೂವು ಬಿಟ್ಟು ನೆಲದ ಕೆಳಗಿನಿಂದಲೇ ಶುರುಮಾಡುವುದು ಅವನ ರೂಢಿ. ಅದರ ಬೇರು ಎಷ್ಟು ದಪ್ಪವಾಗುತ್ತೆ, ಮೇಲುಮೇಲೆ ಓಡುತ್ತೋ ಆಳಕ್ಕೆ ಇಳಿಯುತ್ತೋ, ನೀರು ಹುಡುಕಿಕೊಂಡು ಪೈಪಿಗೆ ಬಾಯಿ ಹಾಕುತ್ತೋ, ಚಪ್ಪಡಿಯಿಂದ ಬುಡ ಎಷ್ಟು ದೂರ ಇರಬೇಕು. ಇವನ್ನೆಲ್ಲ ಕೂಡಿಸಿ ಹತ್ತು ವರ್ಷದ ಹಿಂದೆ ಅವನು ಒಂದು ಪುಸ್ತಕ ಮಾಡಿದ್ದ. ಅರವತ್ತು ಜಾತಿಯ ಮರ, ಮೂರು ಪಟ್ಟಿ: ‘ನೆಡಬಹುದು’, ‘ನೋಡಿ ನೆಡಬಹುದು’, ‘ಬೇಡ’. ಬೇರೆ ಊರುಗಳವರೂ ತರಿಸಿಕೊಳ್ಳುತ್ತಿದ್ದರು. ಅದರಲ್ಲಿ ಐವತ್ತೊಂಬತ್ತು ಮರಗಳ ಬಗ್ಗೆ ಅವನು ಬರೆದದ್ದು ಅಪ್ಪಟ ನಿಜ. ಒಂದೊಂದು ಬುಡದ ಹತ್ತಿರವೂ ಮಂಡಿಯೂರಿ, ಮಣ್ಣು ಕೆದಕಿ, ಕಣ್ಣಾರೆ ನೋಡಿ ಬರೆದದ್ದು. ಅಷ್ಟು ಶ್ರದ್ಧೆ ಯಾಕೆ ಬಂತು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಅರವತ್ತನೆಯ ಮರದ ಸುಳ್ಳನ್ನು ಮುಚ್ಚುವುದಕ್ಕೆ ಐವತ್ತೊಂಬತ್ತು ನಿಜ ಬೇಕಾಯಿತು ಎಂದು ಹೇಳುವ ಧೈರ್ಯ ಅವನಿಗೆ ಇರುತ್ತಿತ್ತೇ, ಅನುಮಾನ.

ಹನ್ನೊಂದಕ್ಕೆ ಎಂಜಿನಿಯರ್ ಹುಡುಗಿ ಫೋನು ಮಾಡಿ, ಫಾರಂ ಇಟ್ಕೊಂಡು ಬನ್ನಿ, ಕೊನೇ ಸಲ ಒಟ್ಟಿಗೆ ಬೀದಿ ನೋಡಿಬಿಡೋಣ ಎಂದಳು. ಹೋದ. ಅವನ ಅಕ್ಕ ಇರುವುದೂ ಅದೇ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮನೆಯಲ್ಲಿ, ಮಗ ಸೊಸೆಯ ಜೊತೆ. ಮರಗಳಿಗೆ ಹೂವಿನ ಕಾಲ. ತಲೆಯ ಮೇಲೆ ಬೀದಿಯುದ್ದಕ್ಕೂ ನೀಲಿ, ಕಾಲ ಕೆಳಗೆ ಉದುರಿದ ನೀಲಿ, ಆ ನೀಲಿಯ ಅಡಿಯಲ್ಲಿ ಒಂದು ಮಗ್ಗುಲು ಎತ್ತಿ ಮಲಗಿದ ಚಪ್ಪಡಿಗಳು. ಹುಡುಗಿ ಒಂದೊಂದು ಬುಡಕ್ಕೂ ಮಟ್ಟಗೋಲು ಇಟ್ಟು, ಎದ್ದ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಕೂಗುತ್ತಿದ್ದಳು. ಏಳು. ಒಂಬತ್ತು. ಹನ್ನೊಂದು. ‘ಸರ್, ನಿಮ್ಮ ಪುಸ್ತಕ ನಾನು ಕಾಲೇಜಲ್ಲೇ ಕೊಂಡಿದ್ದೆ. ಹಾಸ್ಟೆಲಲ್ಲಿ ಎಲ್ಲರೂ ಕಾದಂಬರಿ ಓದೋವಾಗ ನಾನು ಬೇರು ಓದ್ತಿದ್ದೆ, ಎಲ್ಲರೂ ನಗೋರು,’ ಎಂದು ಅವಳು ಬಗ್ಗಿದ ಹಾಗೇ ಹೇಳಿದಳು. ಒಳ್ಳೆಯ ಹುಡುಗಿ. ಇವಳು ಇಷ್ಟು ಒಳ್ಳೆಯವಳಾಗಿರದಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂದು ಅವನಿಗೆ ಅನಿಸಿತು. ಹದಿನಾರು ಮುಗಿದು ಹದಿನೇಳನೆಯ ಮರದ ಹತ್ತಿರ ಅವಳು ಸ್ಕೇಲು ಹಿಡಿದುಕೊಂಡೇ ನಿಂತಳು. ಮಟ್ಟಗೋಲಿನ ಗಾಜಿನೊಳಗಿನ ಗಾಳಿಗುಳ್ಳೆ ಸರಿಯಾಗಿ ನಡುವಿಗೆ ಬಂದು ನಿಂತಿತ್ತು. ಬುಡದ ಸುತ್ತ ಚಪ್ಪಡಿಗಳು ಹಾಸಿದ ದಿನದ ಹಾಗೇ ಇದ್ದವು, ಎರಡು ಕಲ್ಲಿನ ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ಮರವೋ, ಉಳಿದವುಗಳಿಗಿಂತ ಒಂದಾಳು ಎತ್ತರ.

‘ಸೊನ್ನೆ,’ ಎಂದಳು. ‘ಇದೇನ್ ಸರ್, ಇದೊಂದು ಮಾತ್ರ ಇಷ್ಟು ಸಾಧು?’

‘ಕೆಳಗೆ ಹಳೇ ಪೈಪೋ ಏನೋ ಇರಬೇಕು. ಬೇರು ಆ ಕಡೆ ತಿರುಗಿರತ್ತೆ,’ ಎಂದ ಅವನು, ಒಂದು ಕ್ಷಣವೂ ಯೋಚಿಸದೆ. ಅವಳು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ‘ಪೈಪ್’ ಎಂದು ಬರೆದುಕೊಂಡಳು. ತಾನು ಬಾಯಿಬಿಟ್ಟರೆ ಬರೆದುಕೊಳ್ಳುವವರಿದ್ದಾರೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಭಯ ಹುಟ್ಟಿಸಿತು.

ಪೈಪು ಇರಲಿಲ್ಲ. ಆ ಮರದ ಎದುರಿಗೆ ಆಗ ಒಬ್ಬ ಟೈಲರನ ಅಂಗಡಿ ಇತ್ತು. ಅದು ನೆನಪಾಗಲು ಅವನಿಗೆ ಎರಡು ನಿಮಿಷ ಹಿಡಿಯಿತು. ನೆನಪಾದ ಮೇಲೆ ಆ ಹೊಲಿಗೆ ಯಂತ್ರದ ಸದ್ದು ಸಮೇತ ಎಲ್ಲವೂ ಬಂದು ಎದುರು ನಿಂತಿತು. ಇಪ್ಪತ್ತೆರಡು ವರ್ಷದ ಹಿಂದಿನ ಬಿಸಿಲು. ಅವನು ಹೊಸ ಮೇಲ್ವಿಚಾರಕ, ಇಸ್ತ್ರಿ ಮಾಡಿದ ಅಂಗಿ, ಮಾರನೆಯ ದಿನ ದೊಡ್ಡ ಸಾಹೇಬರು ಬೀದಿ ನೋಡಲು ಬರುವವರಿದ್ದರು. ಸಸಿಗಳು ನರ್ಸರಿಯಲ್ಲಿ ಎರಡು ವರ್ಷ ಕರೀ ಪ್ಲಾಸ್ಟಿಕ್ ಕವರಿನಲ್ಲೇ ಬಿದ್ದಿದ್ದವು. ಕವರು ಸಣ್ಣದು, ಬೇರಿಗೆ ಹೋಗಲು ಜಾಗವಿಲ್ಲ, ಕವರಿನ ಗೋಡೆಗೆ ಒತ್ತಿಕೊಂಡು ಸುತ್ತು ಹಾಕುತ್ತಾ ಹಾಕುತ್ತಾ ತಾಯಿಬೇರು ತಳದಲ್ಲಿ ಸುರುಳಿಯಾಗಿ ಕೂತಿತ್ತು. ನರ್ಸರಿಯ ಮುದುಕಿ, ಗಿಡಗಳನ್ನು ಸಾಕಿದವಳು, ಒಂದು ಕವರು ಸೀಳಿ ಅವನಿಗೆ ತೋರಿಸಿದ್ದಳು. ‘ಸ್ವಾಮಿ, ಇದು ಸುತ್ತಿಕೊಂಡುಬಿಟ್ಟಿದೆ. ನೀರಲ್ಲಿ ನೆನೆಸಿ, ಒಂದೊಂದೇ ಬಿಡಿಸಿ, ಕೆಟ್ಟದ್ದನ್ನ ಕತ್ತರಿಸಿ ನೆಡಬೇಕು. ಇಲ್ಲಾಂದ್ರೆ ಇದಕ್ಕೆ ಕೆಳಗೆ ಹೋಗೋದೇ ಗೊತ್ತಾಗಲ್ಲ, ಮೇಲಕ್ಕೇ ಬರತ್ತೆ.’ ಗಿಡಕ್ಕೆ ಅರ್ಧ ಗಂಟೆಯಾದರೂ ಬೇಕು ಎಂದಳು. ಅವನು ಗಡಿಯಾರ ನೋಡಿದ. ‘ಇದ್ದ ಹಾಗೇ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿ. ನಾಳೆ ನಿಂತಿದ್ರೆ ಸಾಕು,’ ಎಂದ. ಅಷ್ಟಾದರೂ ಅವಳು ಟೈಲರನ ಅಂಗಡಿಯ ಎದುರು ಕೂತು ಒಂದು ಸಸಿಯ ಬೇರನ್ನು ಬಕೆಟ್ಟಿನಲ್ಲಿ ಅದ್ದಿ, ಸಿಕ್ಕಾದ ಕೂದಲು ಬಿಡಿಸುವ ಹಾಗೆ ಬಿಡಿಸುತ್ತಿದ್ದಳು. ಅವನು ಹತ್ತು ಜನರ ಮುಂದೆ, ‘ಏನಮ್ಮಾ, ಮದುಮಗಳಿಗೆ ಜಡೆ ಹಾಕ್ತಿದ್ದೀಯಾ?’ ಎಂದಿದ್ದ. ಕೂಲಿಯವರು ಗೊಳ್ಳೆಂದು ನಕ್ಕಿದ್ದರು, ಟೈಲರನೂ ನಕ್ಕಿದ್ದ. ಅವಳು ಮುಖ ಸಣ್ಣದು ಮಾಡಿಕೊಂಡು, ಕೈಯಲ್ಲಿದ್ದ ಆ ಒಂದನ್ನು ಮುಗಿಸಿ ನೆಟ್ಟು, ಉಳಿದದ್ದನ್ನು ಅವನು ಹೇಳಿದ ಹಾಗೇ ಮಾಡಿದಳು. ದೊಡ್ಡ ಸಾಹೇಬರು ಮಾರನೆಯ ದಿನ ಬಂದು, ಕಾರಿನಿಂದ ಇಳಿಯದೆ, ನೋಡಿ, ಹೋದರು.

‘ಹದಿನೆಂಟು, ಹತ್ತು ಸೆಂಟಿಮೀಟರ್,’ ಎಂದು ಹುಡುಗಿ ಕೂಗಿದಳು. ಅವನು ‘ಹ್ಞಾಂ’ ಎಂದ. ನೆಟ್ಟು ಎಂಟು ವರ್ಷಕ್ಕೆ ಮೊದಲ ಚಪ್ಪಡಿ ಎದ್ದಾಗ ಮೇಲಿನವರು ಕಾರಣ ಕೇಳಿದ್ದರು. ಅವನು ಎರಡು ದಿನ ನಿದ್ದೆಗೆಟ್ಟು ಆ ಪದ ಹುಡುಕಿದ್ದ. ಜಾತಿಗುಣ. ಎಷ್ಟು ನುಣುಪಾದ ಪದ! ಎಲ್ಲಿಯೂ ಚುಚ್ಚುವುದಿಲ್ಲ, ಯಾರ ಮೇಲೂ ಬೀಳುವುದಿಲ್ಲ. ಹುಟ್ಟಿದ್ದೇ ಹಾಗೆ ಎಂದ ಮೇಲೆ ಕೇಳುವುದೇನಿದೆ. ಆ ವರದಿ ಟೈಪು ಮಾಡಿಕೊಟ್ಟವಳು ಅಕ್ಕ. ಮೂವತ್ತು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು, ತಮ್ಮನ ಬರಹದ ಮೇಲೆ ಅವಳಿಗೆ ಎಂದೂ ಅಂಥ ಗೌರವ ಇರಲಿಲ್ಲ. ‘ಇದೇನೋ ಮರಿ, ಪುಟದ ತುಂಬ ಮಾಡಲಾಗಿದೆ, ನೋಡಲಾಗಿದೆ, ನೆಡಲಾಗಿದೆ! ನಿಮ್ಮ ಆಫೀಸಲ್ಲಿ ಮನುಷ್ಯರೇ ಇಲ್ವಾ? ಎಲ್ಲಾ ಕೆಲಸ ತಾನಾಗೇ ಆಗಿಬಿಡತ್ತಾ?’ ಎಂದು ಛೇಡಿಸಿದ್ದಳು. ಸರ್ಕಾರಿ ಭಾಷೆ ಹಾಗೇ ಇರಬೇಕಕ್ಕ ಎಂದು ಅವನು ಹೇಳಿದ್ದ. ಅವಳು ಟೈಪು ಮಾಡಿದಳು. ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಅದೇ ಬಲಗೈ ಮೂರು ವಾರದ ಹಿಂದೆ ಇದೇ ಬೀದಿಯ ಇಪ್ಪತ್ತನೆಯ ಮರದ ಹತ್ತಿರ, ಉದುರಿದ ಹೂವಿನಡಿ ಎದ್ದ ಚಪ್ಪಡಿಗೆ ಕಾಲು ತಗುಲಿ, ಮುಂದಕ್ಕೆ ಊರಿ, ಮಣಿಕಟ್ಟಿನಲ್ಲಿ ಮುರಿದಿತ್ತು.

ಒಂದು ಗಂಟೆಗೆ, ದಿನದ ಹಾಗೆ, ಊಟಕ್ಕೆಂದು ಅವನು ಮೆಟ್ಟಿಲು ಹತ್ತಿ ಅಕ್ಕನ ಮನೆಗೆ ಹೋದ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಕ್ಕ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಕಿಟಕಿಯ ಹತ್ತಿರ, ಆಚೆಯ ನೀಲಿ ನೋಡುತ್ತಾ ಕೂತಿದ್ದಳು. ‘ಬಾ ಮರಿ. ನಿನ್ನ ಮರಗಳು ನೋಡು, ನನ್ನ ಕೈ ಮುರಿದು ಹೇಗೆ ನಗ್ತಾ ನಿಂತಿವೆ.’ ಅವಳ ಬಾಯಲ್ಲಿ ಅದು ಬರೀ ತಮಾಷೆ. ಅವನು ತಟ್ಟೆಗೆ ಅನ್ನ ಬಡಿಸಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ತಮಾಷೆ ಬಿಟ್ಟು ಅವಳು ಮೆಲ್ಲಗೆ, ‘ನನಗೆ ಕಣ್ಣು ಹೋಗ್ತಿದೆ ಕಣೋ,’ ಎಂದಳು. ‘ಯಾರು ಹೇಳಿದ್ದು?’ ‘ಎಲ್ಲರೂ ಹೇಳ್ತಾರೆ. ಮೊನ್ನೆ ಮಗನೂ ಹೇಳ್ದ, ಅಮ್ಮ ನಿನಗೆ ಕಾಣಲ್ಲ, ಒಬ್ಬಳೇ ಇಳೀಬೇಡ ಅಂತ. ಕಾಣತ್ತೋ, ಕಾಣತ್ತೆ ಅಂದ್ರೆ, ಕಾಣೋದಾದ್ರೆ ಯಾಕೆ ಬಿದ್ದೆ ಅಂತಾನೆ. ಸೊಸೆ ಪಾಪ ಒಳ್ಳೇವಳು, ಚಪ್ಪಲಿ ಎತ್ತಿ ಅಟ್ಟದ ಮೇಲಿಟ್ಟಿದ್ದಾಳೆ. ನಂಗೂ ಈಗ ಅನುಮಾನ. ಲೋಟ ಇಡೋವಾಗ ಮೇಜು ಇದೆಯಾ ಅಂತ ಕೈಯಲ್ಲಿ ತಡವಿ ನೋಡ್ತೀನಿ.’ ಅರವತ್ತೆಂಟು ವರ್ಷ ಯಾರ ಕೈಯನ್ನೂ ಹಿಡಿಯದೆ ನಡೆದ ಹೆಂಗಸು, ದಿನಾ ಸಂಜೆ ಈ ಬೀದಿಯ ಕೊನೆಯವರೆಗೆ ಹೋಗಿ ಬಂದರೇ ಅವಳಿಗೆ ದಿನ ಮುಗಿಯುವುದು, ಮೂರು ವಾರದಿಂದ ಈ ಕುರ್ಚಿಯಲ್ಲಿ ಕೂತು ತನ್ನನ್ನೇ ನಂಬದವಳಾಗಿದ್ದಳು. ಅದು ಕಣ್ಣಲ್ಲ ಅಕ್ಕ. ಮಾತು ನಾಲಿಗೆಯ ತುದಿಗೆ ಬಂದಿತು. ಅವನು ಎದ್ದು, ತಟ್ಟೆ ತೊಳೆದು, ಬೇಡವಾದರೂ ಲೋಟವನ್ನೂ ಇನ್ನೊಮ್ಮೆ ತೊಳೆದು, ‘ಹೋಗಿ ಬರ್ತೀನಿ, ಅಳತೆ ಇನ್ನೂ ಇದೆ,’ ಎಂದು ಮೆಟ್ಟಿಲಿಳಿದುಬಿಟ್ಟ. ಇಳಿಯುವಾಗ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಕೆಳಗೆ ಹುಡುಗಿ ಕಾಯುತ್ತಿದ್ದಳು. ಕಡಿಯುವ ಮೊದಲು ಬೇರು ಎಷ್ಟು ಆಳಕ್ಕಿದೆ ಎಂದು ನೋಡಲು ಇಬ್ಬರು ಆಳುಗಳಿಂದ ಇಪ್ಪತ್ತನೆಯ ಮರದ ಬುಡ ಅಗೆಸಿದ್ದಳು. ‘ಬನ್ನಿ ಸರ್, ಒಂದು ವಿಚಿತ್ರ ಇದೆ.’ ಅವನು ಬಗ್ಗಿ ನೋಡಿದ. ತೋಳು ಗಾತ್ರದ ಬೇರುಗಳು, ಸುತ್ತಿಟ್ಟ ಹಗ್ಗದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡು, ಮೊರದಷ್ಟು ಅಗಲದ ಒಂದು ದುಂಡನೆಯ ಜಾಗದಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ಕವರು ಹರಿದುಹೋಗಿ ಎಷ್ಟೋ ವರ್ಷವಾಗಿದೆ, ಬೇರಿಗೆ ಅದು ಇನ್ನೂ ಗೊತ್ತಾಗಿಲ್ಲ. ಸುತ್ತಿ ಸುತ್ತಿ ಸಾಕಾಗಿ ಕೊನೆಗೆ ಮೇಲಕ್ಕೆ ಹೊರಳಿ, ಚಪ್ಪಡಿಗೆ ಬೆನ್ನು ಕೊಟ್ಟು ಎದ್ದಿದೆ. ನಡುವೆ ಎಲ್ಲೋ ಕರೀ ಪ್ಲಾಸ್ಟಿಕ್ಕಿನ ಒಂದು ಚೂರು ಹೊಳೆಯುತ್ತಿತ್ತು. ಮುದುಕಿ ಹೇಳಿದ ಮಾತು ಅಕ್ಷರ ಅಕ್ಷರವಾಗಿ ಅಲ್ಲಿ ಬಿದ್ದಿತ್ತು. ಅವಳು ಸತ್ತು ನಾಲ್ಕು ವರ್ಷ. ನರ್ಸರಿ ಬಿಟ್ಟು ಹೋಗುವ ದಿನ ಅವನ ಮೇಜಿನ ಹತ್ತಿರ ಬಂದು, ‘ಬರ್ತೀನಿ ಸ್ವಾಮಿ’ ಎಂದಿದ್ದಳು. ಅವನು ತಲೆಯೆತ್ತದೆ ‘ಆಗ್ಲಿ’ ಎಂದಿದ್ದ. ತಲೆ ಎತ್ತಿದ್ದರೆ ಅವಳ ಕಣ್ಣನ್ನು ನೋಡಬೇಕಾಗುತ್ತಿತ್ತು.

ಹುಡುಗಿ ಆ ಚೂರನ್ನು ಕಡ್ಡಿಯಿಂದ ಎತ್ತಿ ಹಿಡಿದಳು. ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಕಲಿಯುವವಳ ಆಸೆ ಮಾತ್ರ ಇತ್ತು. ‘ಸರ್, ಇದು ಜಾತಿಗುಣನಾ?’

ಈಗಲೂ ಒಂದು ಪೈಪು ಹುಡುಕಬಹುದಿತ್ತು. ಕಸದ ಚೂರು, ಯಾರೋ ಎಸೆದದ್ದು ಎನ್ನಬಹುದಿತ್ತು, ಅವಳು ಬರೆದುಕೊಳ್ಳುತ್ತಿದ್ದಳು. ಅವನು ‘ತಾಳಮ್ಮ,’ ಎಂದು ಜೇಬಿನಿಂದ ಫಾರಂ ತೆಗೆದ. ಹದಿನೇಳನೆಯ ಮರದವರೆಗೆ ನಡೆದು, ಅದರ ಬುಡಕ್ಕೆ ಬೆನ್ನು ಕೊಟ್ಟು, ಮಟ್ಟಸವಾದ ಚಪ್ಪಡಿಯ ಮೇಲೆ ಕೂತ. ಪೆನ್ಸಿಲಿನ ಪದವನ್ನು ಉಜ್ಜಿ ಅಳಿಸಿದ. ಬರೆಯಲು ಕೂತವನಿಗೆ ನಲವತ್ತು ವರ್ಷದ ಕೈರೂಢಿ ತಾನಾಗಿ ದಾರಿ ತೋರಿಸಿತು. ‘ಇದು ಮರದ ಜಾತಿಗುಣವಲ್ಲ. ಸಸಿಗಳ ಸುತ್ತಿಕೊಂಡ ಬೇರನ್ನು ಬಿಡಿಸದೆ ನೆಡಲಾಗಿದೆ. ಬೇರು ಬಿಡಿಸಿ ನೆಡಲಾದ ಹದಿನೇಳನೆಯ ಮರದಿಂದ ಹಾನಿಯಾಗಿಲ್ಲ.’ ಬರೆದು ಓದಿಕೊಂಡ. ಎದೆ ಹಗುರಾಯಿತು. ಇಷ್ಟೇನಾ, ಇಷ್ಟಕ್ಕೆ ಇಷ್ಟು ವರ್ಷ ಹೆದರಿದೆನಾ ಎನಿಸಿತು. ಹಗುರಾದದ್ದು ಸ್ವಲ್ಪ ಬೇಗ ಆಯಿತು ಎಂಬುದೂ ಎಲ್ಲೋ ಒಂದು ಕಡೆ ಚುಚ್ಚಿತು. ‘ಹತ್ತು ನಿಮಿಷ ಇರು. ಏನು ಬರೆದರೂ ಅಕ್ಕನಿಗೊಮ್ಮೆ ತೋರಿಸಿ ಕೊಡೋದು ನನ್ನ ಅಭ್ಯಾಸ,’ ಎಂದು ಹುಡುಗಿಗೆ ಹೇಳಿ ಮತ್ತೆ ಮೆಟ್ಟಿಲು ಹತ್ತಿದ.

ಅಕ್ಕ ಕನ್ನಡಕ ಹುಡುಕಲಿಲ್ಲ. ‘ನನಗೆಲ್ಲಿ ಕಾಣತ್ತೆ, ನೀನೇ ಓದು,’ ಎಂದಳು. ‘ನೀನೇ ಓದು ಅಕ್ಕ,’ ಎಂದು ಅವನೇ ಕನ್ನಡಕ ತೆಗೆದುಕೊಟ್ಟ. ಅವಳು ಹಾಳೆಯನ್ನು ಎಡಗೈಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ತಡವರಿಸಿ, ಆಮೇಲೆ ಸರಾಗವಾಗಿ, ಕೊನೆಗೆ ಹಳೆಯ ಟೈಪಿಸ್ಟಿನ ದನಿಯಲ್ಲಿ ಓದುತ್ತಾ ಹೋದವಳು ಒಂದು ಕಡೆ ನಿಂತಳು.

‘ಬಿಡಲಿಲ್ವಲ್ಲೋ ನೀನು ಈ ಚಾಳಿ. ನೆಡಲಾಗಿದೆ! ಅಂದ್ರೆ ಏನು, ಗಿಡಗಳು ತಾವೇ ನಡ್ಕೊಂಡು ಹೋಗಿ ಗುಂಡೀಲಿ ಕೂತ್ಕೊಂಡ್ವಾ? ಯಾರು ನೆಟ್ಟಿದ್ದು, ಅದನ್ನ ಬರಿ.’

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

‘ಯಾರೋ?’ ಎಂದಳು ಅಕ್ಕ, ಈ ಸಲ ನಗದೆ.

‘ನಾನು,’ ಎಂದ. ‘ನಾನು ನೆಡಿಸಿದ್ದು ಅಕ್ಕ. ನರ್ಸರಿಯ ಹೆಂಗಸು ಬೇಡ ಬೇಡ ಅಂದ್ಲು. ಅವಳನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿ ನೆಡಿಸಿದೆ. ಆಮೇಲೆ ತಪ್ಪನ್ನ ಮರದ ಮೇಲೆ ಹಾಕಿದೆ. ನೀನೇ ಟೈಪು ಮಾಡಿದ್ದೆ. ನೀನು ಬಿದ್ದಿದ್ದು...’ ಐವತ್ತೊಂಬತ್ತರ ಗಂಡಸು, ಬಿಳೀ ಮೀಸೆ, ಕಿಟಕಿಯ ಸರಳು ಹಿಡಿದುಕೊಂಡು ಅಳುವುದಕ್ಕೆ ನಾಚಿ ನಿಂತಿದ್ದ. ಅವಳು ಬೈಯಲಿ ಎಂದು ಕಾದ. ಬೈದರೆ ಎಷ್ಟೋ ವಾಸಿ. ಅವಳು ಹಾಳೆಯನ್ನೇ ನೋಡುತ್ತಿದ್ದಳು, ಒಂದು ಸಲ ಹತ್ತಿರಕ್ಕೆ ತಂದು, ಒಂದು ಸಲ ತೋಳುದ್ದ ದೂರ ಹಿಡಿದು, ಮತ್ತೆ ಹತ್ತಿರ ತಂದು.

‘ಹಾಗಾದ್ರೆ,’ ಎಂದಳು, ‘ಬೀಳಿಸಿದ್ದು ಆ ಕಲ್ಲು. ಅಕ್ಷರ ಎಲ್ಲಾ ಕಾಣ್ತಿದೆ, ನನ್ನ ಕಣ್ಣು ಚೆನ್ನಾಗೇ ಇದೆ.’

‘ಚೆನ್ನಾಗೇ ಇದೆ ಅಕ್ಕ.’

‘ಮೂರು ವಾರ, ಮರಿ. ಮೂರು ವಾರ ನಾನು ಈ ಕಿಟಕೀಲಿ ನೋಡ್ಕೊಂಡು ಕೂತೆ. ದಿನಾ ಬಂದು ಊಟ ಮಾಡಿ ಹೋದೆ ನೀನು.’ ಅಷ್ಟೇ ಅವಳು ಬೈದದ್ದು. ಆ ದನಿಯನ್ನು ಅವನು ಸಾಯುವವರೆಗೆ ಮರೆಯುವಂತಿರಲಿಲ್ಲ. ಆಮೇಲೆ ಹಾಳೆಯನ್ನು ಮೊಣಕಾಲ ಮೇಲೆ ಹರವಿ, ‘ಪೆನ್ನು ತೆಗಿ. ಹೊಡೆದು ಹಾಕು ಅದನ್ನ,’ ಎಂದಳು. ಅವನು ‘ನೆಡಲಾಗಿದೆ’ಯ ಮೇಲೆ ಗೆರೆ ಎಳೆದು, ಮೇಲ್ಗಡೆ ಇಕ್ಕಟ್ಟಿನಲ್ಲಿ ‘ನಾನು ನೆಡಿಸಿದೆ’ ಎಂದು ಬರೆದ. ಮುಂದಿನ ಸಾಲಿನ ‘ನೆಡಲಾದ’ವನ್ನೂ ಅವಳು ಬಿಡಲಿಲ್ಲ, ಬೆರಳಿಟ್ಟು ತೋರಿಸಿದಳು. ಅಲ್ಲಿ ‘ನರ್ಸರಿಯ ಹೆಂಗಸು ನನ್ನ ಮಾತು ಮೀರಿ ನೆಟ್ಟ’ ಎಂದು ಬರೆದ. ಸಾಲಿನ ನಡುವೆ ತುರುಕುವಾಗ ಅಕ್ಷರ ಸೊಟ್ಟಗಾಯಿತು. ಅದನ್ನು ಮಾತ್ರ ಅಕ್ಕ ತಿದ್ದಿಸಲಿಲ್ಲ. ಅವನು ಕೆಳಗೆ ಸಹಿ ಹಾಕಿದ.

‘ಅಟ್ಟದ ಮೇಲೆ ಚಪ್ಪಲಿ ಇದೆ, ಇಳಿಸು,’ ಎಂದಳು.

ಕೆಳಗೆ ಹುಡುಗಿ ಹದಿನೇಳನೆಯ ಮರದ ಹತ್ತಿರವೇ ನಿಂತಿದ್ದಳು. ಫಾರಂ ಅವಳಿಗೆ ಕೊಟ್ಟವಳು ಅಕ್ಕ, ಎಡಗೈಯಿಂದಲೇ. ‘ಇವನು ನನ್ನ ತಮ್ಮ. ಬರೆದಿದ್ದರಲ್ಲಿ ಒಂದು ತಪ್ಪಿತ್ತು, ತಿದ್ದಿಸಿದ್ದೀನಿ.’ ಹುಡುಗಿ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖದಲ್ಲಿ ಏನೋ ಒಂದು ಬೆಳಕು ಆರಿತು, ಅದು ತನ್ನ ಮೇಲಿನ ಗೌರವ ಎಂದು ಅವನಿಗೆ ಗೊತ್ತಾಯಿತು. ಅವನು ಕಣ್ಣು ತಪ್ಪಿಸಲಿಲ್ಲ. ‘ನಲವತ್ತು ಮರ ಉಳಿಯೋದು ಕಷ್ಟ ಸರ್,’ ಎಂದಳು ಅವಳು ಕೊನೆಗೆ, ‘ಬುಡ ಗಟ್ಟಿ ಇಲ್ಲ, ಗಾಳಿಗೆ ಬೀಳ್ತವೆ. ಆದ್ರೆ ಪಟ್ಟಿಯಿಂದ ಈ ಜಾತಿ ತೆಗೆಯೋ ಹಾಗಿಲ್ಲ. ಇದೇ ಮರ ಮತ್ತೆ ನೆಡಬಹುದು, ಬೇರು ಬಿಡಿಸಿ.’ ಎಂಟನೆಯ ಕಾಲಂ ‘ಬದಲಿಗೆ ನೆಡಬೇಕಾದ ಮರ’ವನ್ನು, ಮೊದಲು ಏಳನೆಯದು ಗೊತ್ತಾಗಲಿ ಎಂದು, ಅವಳು ಖಾಲಿ ಬಿಟ್ಟಿದ್ದಳು. ಅವಳೇ ಅದರಲ್ಲಿ ಜಕರಾಂಡ ಎಂದು ಬರೆದಳು, ಈ ಸಲ ಪೆನ್ನಿನಲ್ಲಿ. ಆಮೇಲೆ ನೋಟ್‌ಬುಕ್ ತೆರೆದು, ‘ಪೈಪ್’ ಎಂಬುದನ್ನು ಹೊಡೆದು ಹಾಕಿ, ‘ಆ ಹೆಂಗಸಿನ ಹೆಸರೇನು ಸರ್?’ ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ‘ನಾಳೆ ನರ್ಸರಿಗೆ ಹೋಗಿ ಕೇಳ್ಕೊಂಡು ಬರ್ತೀನಿ,’ ಎಂದ.

ಅಷ್ಟರಲ್ಲಿ ಅಕ್ಕ ಹೊರಟಾಗಿತ್ತು. ಉದುರಿದ ಹೂವಿನ ಮೇಲೆ, ಹದಿನೆಂಟು ದಾಟಿ, ಹತ್ತೊಂಬತ್ತು ದಾಟಿ ಇಪ್ಪತ್ತರ ಹತ್ತಿರ ಬಂದಳು. ಅವನು ಹಿಂದಿನಿಂದ ಓಡಿಹೋಗಿ ಕೈ ಚಾಚಿದ. ಅವಳು ಎದ್ದ ಚಪ್ಪಡಿಯನ್ನು ನಿಂತು ನೋಡಿದಳು, ಎಷ್ಟು ಎದ್ದಿದೆ ಎಂದು ಕಣ್ಣಲ್ಲೇ ಅಳೆದಳು, ಕಾಲೆತ್ತಿ ದಾಟಿದಳು. ಅವನ ಕೈ ಹಿಡಿಯಲಿಲ್ಲ.